ಪಿಯುಸಿಗೆ ಅರ್ಥಶಾಸ್ತ್ರ ಯಾಕೆ ತಗೋಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲೂ ಒಂದೇ ಮಾತು. ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಜಾಸ್ತಿ ಅಂಕ ಬಂದರೆ ಸೈನ್ಸ್, ಸ್ವಲ್ಪ ಇಳಿದರೆ ಕಾಮರ್ಸ್, ಇನ್ನೂ ಇಳಿದರೆ ಆರ್ಟ್ಸ್. ಈ ಲೆಕ್ಕಾಚಾರದಲ್ಲಿ ಅರ್ಥಶಾಸ್ತ್ರವನ್ನು ಬೇಕು ಅಂತ ಕೇಳಿ ಪಡೆಯುವವರು ತೀರಾ ಕಡಿಮೆ. ಕಾಂಬಿನೇಷನ್ ಜೊತೆಗೆ ಅದೂ ಸುಮ್ನೆ ಬಂದುಬಿಡುತ್ತದೆ. ಪಿಯು ಕಾಲೇಜಿನಲ್ಲಿ ಈ ವಿಷಯ ಪಾಠ ಮಾಡುವ ನನಗೆ ಇದು ನಿಜಕ್ಕೂ ಬೇಸರ ತರುತ್ತದೆ.

ಯಾಕೆ ಅಂತ ಹೇಳುತ್ತೇನೆ. ನನ್ನ ತರಗತಿಯಲ್ಲಿ ಟೊಮೇಟೊ ಬೆಳೆಯುವ ಮನೆಯ ಹುಡುಗನೊಬ್ಬ ಇದ್ದ. ಒಂದು ದಿನ ಅಪ್ಪನ ಜೇಬಿನಲ್ಲಿದ್ದ ಮಂಡಿ ಪಟ್ಟಿ ತಂದು ನನ್ನ ಮೇಜಿನ ಮೇಲೆ ಇಟ್ಟ. ಎಷ್ಟು ಬಾಕ್ಸ್, ಏನು ರೇಟು, ಹಮಾಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು, ಎಲ್ಲ ಅದರಲ್ಲಿತ್ತು. "ಸಾರ್, ಈ ಸಲ ಬೆಳೆ ಚೆನ್ನಾಗಿ ಬಂತು. ಆದರೂ ಹೋದ ಸಲಕ್ಕಿಂತ ಕಮ್ಮಿ ದುಡ್ಡು ಸಿಕ್ಕಿದೆ. ಅದು ಹೇಗೆ?" ಅಂದ.

ಅವತ್ತು ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಲೆಕ್ಕ ಬರೆದೆವು. ಮಾರುಕಟ್ಟೆಗೆ 1,000 ಬಾಕ್ಸ್ ಬಂದ ದಿನ ಬಾಕ್ಸಿಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಒಟ್ಟು 4 ಲಕ್ಷ. ಎಲ್ಲರ ಬೆಳೆಯೂ ಚೆನ್ನಾಗಿ ಬಂದು 1,500 ಬಾಕ್ಸ್ ಇಳಿದರೆ? ರೇಟು 200ಕ್ಕೆ ಬೀಳಬಹುದು. ಆಗ ಒಟ್ಟು 3 ಲಕ್ಷ. ಮಾಲು ಜಾಸ್ತಿ, ದುಡ್ಡು ಕಮ್ಮಿ. ಬೆಲೆ ಇಷ್ಟೊಂದು ಬೀಳುವುದು ಯಾಕೆ? ಟೊಮೇಟೊ ಅಗ್ಗ ಆಯ್ತು ಅಂತ ನಾವು ಸಾರಿಗೆ ಹತ್ತು ಹಣ್ಣು ಹಾಕುವುದಿಲ್ಲ, ಅಲ್ವಾ? ಕೂಡಿಡೋಣ ಅಂದರೆ ಹಣ್ಣು ನಾಲ್ಕು ದಿನಕ್ಕೆ ಕೊಳೆಯುತ್ತದೆ. ಎರಡನೇ ಪಿಯುಸಿಯಲ್ಲಿ 'ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ' ಅಂತ ಉದ್ದದ ಹೆಸರಿನ ಪಾಠ ಇದೆ. ಬೆಲೆ ಏರಿಳಿದಾಗ ಜನ ಕೊಳ್ಳುವುದು ಎಷ್ಟು ಹೆಚ್ಚುಕಮ್ಮಿ ಆಗುತ್ತದೆ ಅನ್ನುವುದೇ ಅದರ ಅರ್ಥ. ಅದರೊಳಗೆ ಇರುವುದು ಇದೇ.

2023ರ ಜುಲೈ ನಿಮಗೆ ನೆನಪಿರಬಹುದು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೇಟೊ ಬಾಕ್ಸ್ ಹರಾಜಿನಲ್ಲಿ 2,000 ರೂಪಾಯಿ ದಾಟಿತ್ತು. ಆ ರೇಟು ನೋಡಿ ಎಷ್ಟೋ ಜನ ನಾಟಿ ಮಾಡಿದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ಅವತ್ತು ಬೋರ್ಡಿನ ಲೆಕ್ಕ ನೋಡಿದ ಆ ಹುಡುಗ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾ, "ಹಂಗಾದ್ರೆ ಅಪ್ಪಂದು ತಪ್ಪಿಲ್ಲ" ಅಂದ. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ.

ಈ ವಿಷಯ ಓದಿ ದೊಡ್ಡ ಕೆಲಸ ಮಾಡಿದವರು ನಮ್ಮಲ್ಲೇ ಇದ್ದಾರೆ. ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು ಸರ್ಕಾರ ನೇಮಿಸಿದ್ದ, ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲೂ 39 ತೀರಾ ಹಿಂದುಳಿದಿವೆ ಅಂತ ಅಂಕಿ ಅಂಶ ಇಟ್ಟು ತೋರಿಸಿತು. ಉತ್ತರ ಕರ್ನಾಟಕದ ಜನ ಹೇಳುತ್ತಲೇ ಬಂದಿದ್ದ ನೋವಿಗೆ ಲೆಕ್ಕದ ಬಲ ಬಂತು. ನಿಮ್ಮ ತಾಲ್ಲೂಕು ಆ ಪಟ್ಟಿಯಲ್ಲಿದೆಯಾ ಅಂತ ಹುಡುಕಿ ನೋಡಿ. ಬೆಂಗಳೂರಿನ ನಾಗರಭಾವಿಯಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಅನ್ನುವ ಸಂಶೋಧನಾ ಕೇಂದ್ರವೂ ಇದೆ.

ಇನ್ನೊಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಗಣಿತಕ್ಕೆ ಹೆದರಿ ಅರ್ಥಶಾಸ್ತ್ರಕ್ಕೆ ಬರಬೇಡಿ. ಮುಂದೆ ಹೋದಷ್ಟೂ ಇದರಲ್ಲಿ ಗಣಿತ ಬೇಕೇ ಬೇಕು. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಹನ್ನೆರಡನೇ ತರಗತಿಯಲ್ಲಿ ಗಣಿತ ಓದಿರಲೇಬೇಕು. ಪಿಯುಸಿಯಲ್ಲಿ ಬಿಟ್ಟ ಗಣಿತವನ್ನು ಆಮೇಲೆ ಹಿಡಿಯುವುದು ಬಹಳ ಕಷ್ಟ. ಕಾಮರ್ಸ್ ತಗೊಳ್ಳುವವರು ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಇದೆಯಾ ಅಂತ ಮೊದಲೇ ವಿಚಾರಿಸಿ. ಆರ್ಟ್ಸ್ ಮಕ್ಕಳೇ, ನೀವು ಹಿಂಜರಿಯಬೇಡಿ. ಇತಿಹಾಸ, ಸಮಾಜಶಾಸ್ತ್ರದ ಜೊತೆ ಓದಿದಾಗ ಇದರ ರುಚಿಯೇ ಬೇರೆ. ಮುಂದೆ ಐಎಎಸ್, ಕೆಎಎಸ್ ಪರೀಕ್ಷೆ ಬರೆಯುವಾಗಲೂ ಇದು ಕೈ ಹಿಡಿಯುತ್ತದೆ.

ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಅರ್ಜಿ ತುಂಬುವ ಮುಂಚೆ ಮಗುವನ್ನು ಕರೆದುಕೊಂಡು ಆ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ಹೋಗುವಾಗ ನಿಮ್ಮ ಮನೆಯ ಮಂಡಿ ಪಟ್ಟಿಯೋ, ಸಂಘದ ಸಾಲದ ಪುಸ್ತಕವೋ, ಕರೆಂಟ್ ಬಿಲ್ಲೋ ಯಾವುದಾದರೂ ಒಂದನ್ನು ಜೊತೆಗೆ ಇಟ್ಟುಕೊಂಡು ಹೋಗಿ.

ನಮಸ್ಕಾರ.