ಮಂಟಪ ಮುಳುಗಿತಾ?

ಕೇಳುಗರೇ, ನಮಸ್ಕಾರ.

ಮಳೆಗಾಲ ಬಂತೆಂದರೆ ಶಿವಮೊಗ್ಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಮಂಟಪ ಮುಳುಗಿತಾ? ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯೊಳಗಿರುವ ಆ ಕಲ್ಲುಮಂಟಪವೇ ನಮಗೆ ಅಳತೆಗೋಲು. ಅದು ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ. ರಬ್ಬರ್ ದೋಣಿಯಲ್ಲಿ ಬೆಟ್ಟದ ಹೊಳೆ ಇಳಿಯುವ ರಾಫ್ಟಿಂಗ್‌ಗೆ ಹೊರಡುವವರಿಗೂ ಇಂಥದೊಂದು ಗುರುತು ಬೇಕು.

ನಮ್ಮ ಕಡೆಯಿಂದ ಹೋಗುವವರು ಬಾಳೆಹೊನ್ನೂರು ಕಡೆಯ ಭದ್ರೆಗೆ ಹೋಗುತ್ತಾರೆ, ಇಲ್ಲವೇ ಆಗುಂಬೆ ಘಾಟಿ ಇಳಿದು ಸೀತಾನದಿಗೆ ಹೋಗುತ್ತಾರೆ. ಎರಡೂ ಮಳೆ ನಂಬಿದ ಹೊಳೆಗಳು. ದಾಂಡೇಲಿಯ ಕಾಳಿಯ ಕಥೆ ಬೇರೆ. ಅಲ್ಲಿ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ನೀರು ಬಿಡುತ್ತಾರೆ, ಹಾಗಾಗಿ ಮಳೆ ನಿಂತ ಮೇಲೂ ರಾಫ್ಟ್ ಇಳಿಯುತ್ತದೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟೆ ಇದೆ, ನಿಜ. ಆದರೆ ಬಾಳೆಹೊನ್ನೂರು ಇರುವುದು ಅದಕ್ಕಿಂತ ಮೇಲೆ. ಅಲ್ಲಿ ಹೊಳೆಗೆ ಕಡಿವಾಣ ಇಲ್ಲ.

ಅದಕ್ಕೇ ಹೇಳುತ್ತೇನೆ, ಬರೀ ರಜೆ ನೋಡಿ ದಿನ ಗೊತ್ತು ಮಾಡಬೇಡಿ. ಬಾಳೆಹೊನ್ನೂರಿನಲ್ಲಿ ಬಿಸಿಲಿರಬಹುದು. ರಾತ್ರಿ ಕುದುರೆಮುಖ, ಕಳಸದ ಕಡೆ ಮಳೆ ಹೊಡೆದಿದ್ದರೆ ಆ ನೀರು ಬರುವುದು ಇಲ್ಲಿಗೇ ಅಲ್ವಾ? ಹಿಂದಿನ ಸಂಜೆ ಮೇಲಿನ ಊರಿನವರಿಗೆ ಒಂದು ಫೋನ್ ಮಾಡಿ.

ಒಮ್ಮೆ ದೊಡ್ಡ ಪುಷ್ಯ ಮಳೆಯ ಹೊತ್ತಿಗೆ ನಾವು ಏಳು ಜನ ಭದ್ರೆಯ ದಡಕ್ಕೆ ಹೋಗಿದ್ದೆವು. ದುಡ್ಡು ಕಟ್ಟಿ ಆಗಿತ್ತು. ಗೈಡ್ ನೀರಿನ ಕಡೆ ಕೈ ತೋರಿಸಿ, "ನಿನ್ನೆ ಅಲ್ಲೊಂದು ಬಂಡೆಯ ತಲೆ ಕಾಣುತ್ತಿತ್ತು" ಎಂದರು. ನೋಡಿದೆವು. ಬಂಡೆ ಇಲ್ಲ. ಆ ಜಾಗದಲ್ಲಿ ಕೆಂಪು ನೀರು ಸ್ವಲ್ಪ ಉಬ್ಬಿ, ಹಿಂದಕ್ಕೆ ಮಗುಚಿಕೊಳ್ಳುತ್ತಿತ್ತು. "ಇವತ್ತು ಬೇಡ ಸಾರ್" ಎಂದರು. ಹುಡುಗರಿಗೆ ಸಿಟ್ಟು ಬಂತು. ನನಗೆ ಆ ಮನುಷ್ಯನ ಮೇಲೆ ನಂಬಿಕೆ ಬಂತು. ಬುಕ್ ಮಾಡುವ ಮುಂಚೆ ನೀವೂ ಕೇಳಿ: ನೀರು ಎಷ್ಟು ಏರಿದರೆ ನಿಲ್ಲಿಸುತ್ತೀರಿ? ಇದಕ್ಕೆ ಸರಿಯಾದ ಉತ್ತರ ಬರದಿದ್ದರೆ ಅಲ್ಲಿಗೆ ಹೋಗಬೇಡಿ. ರಭಸವನ್ನು ಒಂದರಿಂದ ಆರರವರೆಗೆ ಅಳೆಯುತ್ತಾರೆ. ಮೊದಲ ಸಲದವರಿಗೆ ಎರಡು, ಮೂರು ಸಾಕು.

ಈಜು ಬರುತ್ತೆ, ಲೈಫ್ ಜಾಕೆಟ್ ಯಾಕೆ ಎನ್ನುವವರು ನಮ್ಮಲ್ಲಿ ಜಾಸ್ತಿ. ಮಡುವಿನಲ್ಲಿ ಈಜುವುದೇ ಬೇರೆ. ನೊರೆ ನೀರಿನಲ್ಲಿ ಗಾಳಿ ತುಂಬಿರುತ್ತದೆ, ಮೈ ಅಷ್ಟು ತೇಲುವುದಿಲ್ಲ. ಜಾಕೆಟ್ ಹಾಕಿದ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲೆತ್ತಲು ಪಕ್ಕದವರಿಗೆ ಹೇಳಿ. ಅದು ಕಿವಿಯವರೆಗೆ ಬಂದರೆ ಸಡಿಲ ಇದೆ ಅಂತ ಅರ್ಥ, ಮತ್ತೆ ಬಿಗಿ ಮಾಡಿ. ಹವಾಯಿ ಚಪ್ಪಲಿ ಬೇಡ. ಕನ್ನಡಕಕ್ಕೆ ದಾರ ಕಟ್ಟಿ.

ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ನೀರು ಹರಿದು ಹೋಗುವ ಕಡೆ ಇರಲಿ. ಸೆಳೆತದಲ್ಲಿ ಎದ್ದು ನಿಲ್ಲಲು ಮಾತ್ರ ಹೋಗಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕಿದರೆ ಮೊಣಕಾಲುದ್ದ ನೀರೂ ಮನುಷ್ಯನನ್ನು ಕೆಡವಿ ಅದುಮಿ ಹಿಡಿಯುತ್ತದೆ. ಮಕ್ಕಳಿಗೆ ಇದನ್ನು ಮನೆಯಲ್ಲೇ, ಚಾಪೆ ಮೇಲೆ ಮಲಗಿಸಿ ಹೇಳಿಕೊಡಿ.

ನಾವು ಮಖೆ ಮಳೆಯಲ್ಲಿ ಮತ್ತೆ ಹೋದೆವು. ಅದೇ ಏಳು ಜನ, ಅದೇ ಗೈಡ್. ರಾಫ್ಟ್ ಹತ್ತುವ ಮುಂಚೆ ಯಾರೂ ಹೇಳದೆಯೇ ಎಲ್ಲರೂ ಆ ಕಡೆ ನೋಡಿದೆವು. ಬಂಡೆಯ ತಲೆ ಕಾಣುತ್ತಿತ್ತು. ಅದರ ಮೇಲೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿತ್ತು.

ನಮಸ್ಕಾರ.