ಕೋನಾದ ಕಡಲು, ಕೋನಾದ ಬಿಸಿಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮಲ್ಪೆಯ ಕಡಲತಡಿಯಲ್ಲಿ ಹುಟ್ಟಿ ಬೆಳೆದವನು. ಅಪ್ಪ ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರು. ಬೆಳಗಿನ ಜಾವ ಎದ್ದವರು ನೇರ ದೋಣಿಯ ಹತ್ತಿರ ಹೋಗುತ್ತಿರಲಿಲ್ಲ. ಮೊದಲು ಮರಳ ಮೇಲೆ ಕುಕ್ಕರಗಾಲಲ್ಲಿ ಕೂತು ಹತ್ತು ನಿಮಿಷ ಕಡಲು ನೋಡುತ್ತಿದ್ದರು. ಗಾಳಿ ತೆಂಕಿನದೋ ಬಡಗಿನದೋ, ತೆರೆ ಎಷ್ಟು ಹೊತ್ತಿಗೊಂದು ಬರುತ್ತಿದೆ, ಎಲ್ಲಿ ಒಡೆಯುತ್ತಿದೆ, ನೀರಿನ ಬಣ್ಣ ಹೇಗಿದೆ. ಕೆಲವು ದಿನ ಅಷ್ಟು ನೋಡಿ ಸುಮ್ಮನೆ ಮನೆಗೆ ವಾಪಸು ಬಂದುಬಿಡುತ್ತಿದ್ದರು. ಆ ಹತ್ತು ನಿಮಿಷದ ಬೆಲೆ ನನಗೆ ಗೊತ್ತಾದದ್ದು ಬಹಳ ತಡವಾಗಿ, ಟ್ರಯಥ್ಲಾನ್ ಎಂಬ ಆಟಕ್ಕೆ ಮನಸೋತ ಮೇಲೆ.

ಈಜು, ಸೈಕಲ್, ಓಟ. ನಡುವೆ ವಿಶ್ರಾಂತಿ ಇಲ್ಲದೆ ಒಂದಾದ ಮೇಲೊಂದು. ಇದರಲ್ಲಿ ಅತಿ ದೊಡ್ಡ ಹೆಸರು ಹವಾಯಿ ದ್ವೀಪದ ಕೋನಾದಲ್ಲಿ ನಡೆಯುವ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ನದು. ಕಡಲಲ್ಲಿ 3.8 ಕಿಲೋಮೀಟರ್ ಈಜಬೇಕು, 180 ಕಿಲೋಮೀಟರ್ ಸೈಕಲ್ ತುಳಿಯಬೇಕು, ಆಮೇಲೆ 42.2 ಕಿಲೋಮೀಟರಿನ ಪೂರಾ ಮ್ಯಾರಥಾನ್ ಓಡಬೇಕು. ಇವತ್ತು ನಾನು ಮಾತಾಡುವುದು ಕೋನಾದ ಬಗ್ಗೆಯೇ. ಆದರೆ ಬೆಂಗಳೂರು, ಮೈಸೂರು, ಮಂಗಳೂರಿನಿಂದ ಮಲೇಷ್ಯಾದ ಲಂಗ್ಕಾವಿಗೋ ಪಕ್ಕದ ಗೋವಾಕ್ಕೋ ಹೊರಡುವ ನಮ್ಮ ಹುಡುಗ ಹುಡುಗಿಯರೂ ಇದನ್ನು ಕೇಳಿಸಿಕೊಳ್ಳಬೇಕು ಎಂಬುದು ನನ್ನ ಆಸೆ.

ಹೇಳಬೇಕಾದ ಮಾತು ಒಂದೇ. ರೇಸ್ ಮುಗಿಸಿ ಬಂದವರು ಸಾಮಾನ್ಯವಾಗಿ, "ಸಾರ್, ನನ್ನ ದುರದೃಷ್ಟ, ಆ ದಿನ ಸೆಕೆ ವಿಪರೀತ" ಅನ್ನುತ್ತಾರೆ. ಅಕ್ಟೋಬರ್ ತಿಂಗಳಲ್ಲಿ ಕೋನಾದಲ್ಲಿ ಸೆಕೆ ಇರದ ವರ್ಷವೇ ಇಲ್ಲ! ಹತ್ತೊಂಬತ್ತು, ಇಪ್ಪತ್ತು ಡಿಗ್ರಿ ಅಕ್ಷಾಂಶದ ದ್ವೀಪ ಅದು. ಹಗಲು ಮೂವತ್ತರ ಆಸುಪಾಸು, ತೇವ ತುಂಬಿದ ಗಾಳಿ, ಕಡಲ ನೀರು 26, 27 ಡಿಗ್ರಿ. ವರ್ಷ ವರ್ಷವೂ ಇದೇ ಕಥೆ. ಮೊದಲೇ ಗೊತ್ತಿರುವ ಸಂಗತಿಯನ್ನು ಅದೃಷ್ಟದ ತಲೆಗೆ ಕಟ್ಟುವುದು ತಪ್ಪು.

ಈ ರೇಸು ಹುಟ್ಟಿದ್ದು ಕೋನಾದಲ್ಲಲ್ಲ, ಹವಾಯಿಯದೇ ಇನ್ನೊಂದು ದ್ವೀಪ ಒವಾಹುವಿನಲ್ಲಿ, 1978ರ ಫೆಬ್ರವರಿಯಲ್ಲಿ. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಶುರುಮಾಡಿದ್ದು. ಹೊರಟವರು 15 ಜನ, ಮುಗಿಸಿದವರು 12. ಮರುವರ್ಷ ರೇಸಿನ ದಿನ ಬಿರುಗಾಳಿ ಎದ್ದು ಎಲ್ಲವನ್ನೂ ಒಂದು ದಿನ ಮುಂದೂಡಬೇಕಾಯಿತು. ಎರಡನೆಯ ವರ್ಷಕ್ಕೇ ಕಡಲು "ನನ್ನನ್ನು ಕೇಳಿ ಹೊರಡಿ" ಎಂದು ಹೇಳಿಬಿಟ್ಟಿತು. 1981ರಲ್ಲಿ ರೇಸು ದೊಡ್ಡ ದ್ವೀಪದ ಕೋನಾಕ್ಕೆ ಬಂತು.

ಕೋನಾ ಹಾಗೇಕೆ ಕಾಯುತ್ತದೆ ಎಂದು ತಿಳಿಯಬೇಕಾದರೆ ನಮ್ಮ ಘಟ್ಟವನ್ನು ನೆನೆಸಿಕೊಂಡರೆ ಸಾಕು. ಮುಂಗಾರಿನ ಗಾಳಿಯನ್ನು ಸಹ್ಯಾದ್ರಿ ತಡೆಯುತ್ತದೆ. ಆಗುಂಬೆಯಲ್ಲಿ ಸುರಿದ ಮಳೆ ಚಿತ್ರದುರ್ಗ ಮುಟ್ಟುವುದಿಲ್ಲ. ಅಲ್ಲೂ ಹಾಗೆಯೇ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಕ್ಕೆ 4,207 ಮೀಟರಿನ ಮೌನಾ ಕೇಯಾ, 4,169 ಮೀಟರಿನ ಮೌನಾ ಲೋವಾ ಅಡ್ಡ ನಿಂತಿವೆ. ಮಳೆಯೆಲ್ಲ ಬೆಟ್ಟದ ಆಚೆಗೆ. ಈಚೆಗೆ ಉಳಿದದ್ದು ಮೋಡದ ಮರೆಯಿಲ್ಲದ ಬೆಳಗು, ಕಪ್ಪು ಲಾವಾ ಬಂಡೆಯ ಬಯಲು, ಅದರ ನಡುವೆ ಕಪ್ಪು ಡಾಂಬರು ರಸ್ತೆ. ಬಿಸಿಲು ಮೇಲಿನಿಂದಲೂ ಸುಡುತ್ತದೆ, ಕೆಳಗಿನಿಂದಲೂ ಸುಡುತ್ತದೆ.

2025ರಲ್ಲಿ ಅಲ್ಲಿ ಮಹಿಳೆಯರ ರೇಸು ನಡೆಯಿತು. ಮುಂದೆ ಇದ್ದವರು ಇಬ್ಬರು, ಬ್ರಿಟನ್ನಿನ ಲೂಸಿ ಚಾರ್ಲ್ಸ್-ಬಾರ್ಕ್ಲಿ ಮತ್ತು ಅಮೆರಿಕದ ಟೇಲರ್ ನಿಬ್. ಇಬ್ಬರೂ ಜಗತ್ತಿನ ಮೇಲ್ಪಂಕ್ತಿಯವರು. ಲೂಸಿ ಓಟದ ನಡುವೆಯೇ ಝಳಕ್ಕೆ ಸೋತು ನಿಂತರು. ಟೇಲರ್ ಗುರಿಗೆ ಕೆಲವೇ ಕಿಲೋಮೀಟರ್ ಇರುವಾಗ ಮುಂದಡಿ ಇಡಲಾರದೆ ರಸ್ತೆ ಬದಿಯಲ್ಲಿ ಕೂತುಬಿಟ್ಟರು. ಗೆದ್ದವರು ನಾರ್ವೆಯ ಸೋಲ್ವೈಗ್ ಲೊವ್‌ಸೆತ್, ಹಿಮದ ನಾಡಿನಿಂದ ಕೋನಾಕ್ಕೆ ಮೊದಲ ಸಲ ಬಂದವರು. ಬಲವಂತರು ಬಿದ್ದದ್ದನ್ನು ನಾನು ಅವರ ತಪ್ಪು ಎನ್ನುವುದಿಲ್ಲ. ಅಷ್ಟು ಮುಂದೆ ಹೋಗಿ ಹೋರಾಡಿದ ಆ ಇಬ್ಬರ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ರಸ್ತೆ ಯಾರ ಹೆಸರನ್ನೂ ಕೇಳುವುದಿಲ್ಲ.

ನಾವು ತಿನ್ನುವ ಆಹಾರದ ಶಕ್ತಿಯಲ್ಲಿ ಪೆಡಲು ತುಳಿಯುವುದಕ್ಕೆ ಸಿಗುವುದು ಸುಮಾರು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಮೈಯೊಳಗೆ ಶಾಖವಾಗುತ್ತದೆ. ಆ ಶಾಖ ಹೊರಗೆ ಹೋಗುವುದು ಮುಖ್ಯವಾಗಿ ಬೆವರು ಆರುವುದರಿಂದ. ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಪ್ರಯೋಜನವಿಲ್ಲ, ಮೈಮೇಲೇ ಆರಬೇಕು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಅದು ಆರುವುದೇ ಇಲ್ಲ. ಮೇ ತಿಂಗಳಲ್ಲಿ ಉಡುಪಿಯಲ್ಲಿ ಬಟ್ಟೆ ಒಣಗದೆ ಮೈಗೆ ಅಂಟುತ್ತದಲ್ಲ, ಹಾಗೆ. ಅದಕ್ಕೇ ಬಳ್ಳಾರಿಯ ನಲವತ್ತು ಡಿಗ್ರಿಯಲ್ಲಿ ಓಡಿದವನಿಗೂ ದ್ವೀಪದ ಮೂವತ್ತೊಂದು ಡಿಗ್ರಿ ಹೊಸ ಪಾಠ ಕಲಿಸುತ್ತದೆ.

ಸಂತೋಷದ ಸಂಗತಿ ಏನೆಂದರೆ, ಮೈ ಈ ಪಾಠವನ್ನು ಬೇಗ ಕಲಿಯುತ್ತದೆ. ದಿನಕ್ಕೆ ಒಂದು, ಒಂದೂವರೆ ಗಂಟೆಯಂತೆ ಹತ್ತರಿಂದ ಹದಿನಾಲ್ಕು ದಿನ ಸೆಕೆಯಲ್ಲಿ ವ್ಯಾಯಾಮ ಮಾಡಿದರೆ ರಕ್ತದೊಳಗಿನ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಎದೆಬಡಿತ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದ ಊರು; ಅಕ್ಟೋಬರ್ ಬೆಳಗಿನಲ್ಲಿ ಸ್ವೆಟರ್ ಹಾಕಿಕೊಂಡು ಸೈಕಲ್ ಹತ್ತುವವರಿಗೆ ಈ ಒಗ್ಗುವಿಕೆ ತಾನಾಗಿ ಬರುವುದಿಲ್ಲ. ಅವರಿಗೆ ನಾನು ಹೇಳುವುದು: ಸೈಕಲನ್ನು ನಿಂತಲ್ಲೇ ತುಳಿಯುವ ಟ್ರೈನರ್ ಎಂಬ ಸ್ಟ್ಯಾಂಡಿಗೆ ಕಟ್ಟಿ, ಕಿಟಕಿ ಮುಚ್ಚಿ, ಫ್ಯಾನು ಆರಿಸಿ ತುಳಿಯಿರಿ. ಒಬ್ಬರೇ ಇರಬೇಡಿ, ಮನೆಯವರು ಕೂಗಳತೆಯಲ್ಲಿರಲಿ. ತಲೆ ಸುತ್ತಿದರೆ, ಮೈ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ. ವ್ಯಾಯಾಮ ಮುಗಿದ ಕೂಡಲೇ ನಲವತ್ತು ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ಗಂಟೆ ಕೂರುವುದೂ ಫಲ ಕೊಡುತ್ತದೆ ಎಂದು ಕ್ರೀಡಾ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ದೀಪಾವಳಿಯ ಎಣ್ಣೆಸ್ನಾನ ನೆನಪಾಗುತ್ತದೆ ನನಗೆ, ಹಂಡೆಯ ನೀರು, ಹಬೆ, ಆಮೇಲೆ ಆ ಸುಸ್ತು. ಇಷ್ಟೆಲ್ಲ ಮಾಡಿ ಗಳಿಸಿದ್ದು ಉಳಿಯುವುದು ಎರಡು ಮೂರು ವಾರ ಅಷ್ಟೆ. ಆದ್ದರಿಂದ ಜುಲೈಯಲ್ಲಿ ಮಾಡಿ ಪ್ರಯೋಜನವಿಲ್ಲ, ಹೊರಡುವ ಹೊತ್ತಿಗೆ ಹತ್ತಿರ ಮಾಡಬೇಕು.

ತಕ್ಕಡಿಯ ಮಾತೊಂದಿದೆ. ಆ ಒಂದು ಗಂಟೆಗೆ ಮೊದಲು ಬರಿಮೈಯಲ್ಲಿ ತೂಕ ನೋಡಿಕೊಳ್ಳಿ; ಮುಗಿದ ಮೇಲೆ ಮೈ ಒರೆಸಿಕೊಂಡು ಮತ್ತೆ ನೋಡಿ. 62.4 ಕಿಲೋ ಇದ್ದದ್ದು 61.3 ಆಯಿತು, ನಡುವೆ ಅರ್ಧ ಲೀಟರ್ ಕುಡಿದಿರಿ ಅಂತಿಟ್ಟುಕೊಳ್ಳಿ. ಅಂದರೆ ಗಂಟೆಗೆ 1.6 ಲೀಟರ್ ಬೆವರು. ಅಷ್ಟನ್ನೂ ಓಡುತ್ತಾ ಕುಡಿಯಲು ಹೊಟ್ಟೆ ಒಪ್ಪುವುದಿಲ್ಲ. ಹಾಗಾದರೆ ವೇಗವನ್ನೇ ಇಳಿಸಬೇಕು, ತಲೆಗೆ ನೀರು ಸುರಿದುಕೊಳ್ಳಬೇಕು, ಟೋಪಿಯೊಳಗೆ ಐಸ್ ಇಟ್ಟುಕೊಳ್ಳಬೇಕು. ಲೆಕ್ಕ ಮನೆಯಲ್ಲೇ ಸಿಕ್ಕಿಬಿಟ್ಟಿತಲ್ಲ!

ಈ ಲೆಕ್ಕ ಮಾಡದೆ ನಾನು ಲಂಗ್ಕಾವಿಗೆ ಹೋಗಿದ್ದೆ. ಕಡಲಮಗ ನಾನು, ಸೆಕೆ ನನಗೇನು ಹೊಸದೇ ಎಂಬ ಧೈರ್ಯ. ಆದರೆ ಅಷ್ಟರಲ್ಲಿ ಬೆಂಗಳೂರು ಸೇರಿ ಹಲವು ವರ್ಷಗಳಾಗಿದ್ದವು. ಓಟದಲ್ಲಿ ಸಿಕ್ಕ ಸಿಕ್ಕ ನೀರಿನ ಮೇಜಿನಲ್ಲೆಲ್ಲ ಬರೀ ನೀರು ಕುಡಿದೆ. ಇಪ್ಪತ್ತೈದನೆಯ ಕಿಲೋಮೀಟರ್ ಹೊತ್ತಿಗೆ ಬೆರಳು ಊದಿ ಮದುವೆಯ ಉಂಗುರ ಚರ್ಮಕ್ಕೆ ಕಚ್ಚಿಕೊಂಡಿತ್ತು. ಹೊಟ್ಟೆಯೊಳಗೆ ನೀರು ಕುಲುಕುವ ಸದ್ದು ನನಗೇ ಕೇಳುತ್ತಿತ್ತು. ಎದುರಿಗೆ ಬಂದ ಗೆಳೆಯನ ಹೆಸರು ನೆನಪಾಗಲಿಲ್ಲ. ಅದು ನೀರಿನ ಕೊರತೆಯಲ್ಲ, ಉಪ್ಪಿನ ಕೊರತೆ. ಬೆವರಿನಲ್ಲಿ ಉಪ್ಪು ಹೋಗಿತ್ತು, ಮೇಲೆ ಬರೀ ನೀರು ಸುರಿದು ರಕ್ತದ ಸೋಡಿಯಂ ತೆಳುವಾಗಿತ್ತು. ಇದು ಪ್ರಾಣಕ್ಕೇ ಕುತ್ತು ತರಬಲ್ಲದು. ವೈದ್ಯರ ಡೇರೆಯಲ್ಲಿ ಕೂರಿಸಿ ನನ್ನ ರೇಸು ಅಲ್ಲಿಗೇ ನಿಲ್ಲಿಸಿದರು. ಆ ವೈದ್ಯೆಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ನಿಮ್ಮ ಕಪ್ಪು ಜೆರ್ಸಿಯ ಮೇಲೆ ಬೆವರಾರಿದ ಬಳಿಕ ಬಿಳಿಯ ಗೆರೆ ಮೂಡುತ್ತದೆಯೋ ನೋಡಿಕೊಳ್ಳಿ. ಮೂಡಿದರೆ ನಿಮ್ಮದು ಉಪ್ಪಿನ ಬೆವರು. ಆಗ ಕುಡಿಯುವ ನೀರಿನಲ್ಲಿ ಉಪ್ಪಿನಂಶ ಇರಲೇಬೇಕು, ಬಾಯಾರಿಕೆಗೆ ಮೀರಿ ಕುಡಿಯಬಾರದು.

ಇನ್ನು ನೀರು. ಕೋನಾದಲ್ಲಿ ಈಜು ನಡೆಯುವ ಕೈಲುವಾ ಕೊಲ್ಲಿಯ ನೀರು ಎಷ್ಟು ತಿಳಿಯೆಂದರೆ, ಈಜುತ್ತಾ ಕೆಳಗೆ ನೋಡಿದರೆ ಹವಳದ ಬಂಡೆಗಳ ಮೇಲೆ ಹಳದಿ ಮೀನುಗಳು ಕಾಣುತ್ತವೆ. ರೇಸಿನ ವಾರದಲ್ಲಿ ಕೊಲ್ಲಿಯ ನಡುವೆ ದೋಣಿ ನಿಲ್ಲಿಸಿ, ಈಜಿ ಬಂದವರಿಗೆ ಕೋನಾದ ಕಾಫಿ ಕೊಡುವ ಚಂದದ ರೂಢಿಯೂ ಇದ್ದದ್ದುಂಟು. ಆದರೆ ಅಲ್ಲಿ ವೆಟ್‌ಸೂಟ್ ತೊಡುವಂತಿಲ್ಲ. ವೆಟ್‌ಸೂಟಿನ ರಬ್ಬರು ಸೊಂಟ ಕಾಲುಗಳನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಅದರ ಆಸರೆಯಲ್ಲೇ ಕಲಿತವರಿಗೆ ಅದಿಲ್ಲದೆ ಕಾಲು ಮುಳುಗುತ್ತದೆ. ಉಳಿದ ಐರನ್‌ಮ್ಯಾನ್ ರೇಸುಗಳಲ್ಲಿ ಹವ್ಯಾಸಿಗಳಿಗಿರುವ ನಿಯಮದಂತೆ ನೀರು 24.5 ಡಿಗ್ರಿ ದಾಟಿದರೆ ವೆಟ್‌ಸೂಟ್ ತೊಟ್ಟವರಿಗೆ ಪ್ರಶಸ್ತಿ ಇಲ್ಲ, 28.8 ದಾಟಿದರೆ ಯಾರೂ ತೊಡಲೇಬಾರದು. ಉಷ್ಣವಲಯದ ದ್ವೀಪಕ್ಕೆ ಹೋಗುವವರು ಅದನ್ನು ಮರೆತು ತಯಾರಾಗುವುದು ಒಳ್ಳೆಯದು.

ಈಜುಕೊಳದಲ್ಲಿ ಕಲಿತವರಿಗೆ ಕೆಳಗೆ ಕಪ್ಪು ಗೆರೆ ಇರುತ್ತದೆ, ಇಪ್ಪತ್ತೈದು ಮೀಟರಿಗೊಮ್ಮೆ ಗೋಡೆ ಸಿಗುತ್ತದೆ. ಕಡಲಲ್ಲಿ ಎರಡೂ ಇಲ್ಲ. ತಲೆ ಎತ್ತಿ ದಿಕ್ಕು ನೋಡಬೇಕು, ಅದೂ ತೆರೆಯ ನೆತ್ತಿಯ ಮೇಲಿರುವಾಗ. ತಗ್ಗಿನಲ್ಲಿದ್ದಾಗ ನೋಡಿದರೆ ಕಾಣುವುದು ನೀರಿನ ಗೋಡೆ ಮಾತ್ರ. ದಾರಿ ತೋರಲು ನೀರಿನಲ್ಲಿ ತೇಲಿಬಿಟ್ಟ ಬುರುಡೆ, ಅಂದರೆ ಬೋಯೆ, ಸಣ್ಣದು, ದೂರದಿಂದ ಕಾಣಿಸದು. ಅದರ ಹಿಂದಿನ ಗುಡ್ಡವೋ ಚರ್ಚಿನ ಗೋಪುರವೋ ಗುರುತಿಟ್ಟುಕೊಳ್ಳಿ. ಅಳಿವೆಯ ಬಾಯಿಗೆ ದೋಣಿ ತರುವಾಗ ಅಪ್ಪನ ಕಣ್ಣು ಇರುತ್ತಿದ್ದದ್ದೂ ದಡದ ಎರಡು ತೆಂಗಿನ ಮರಗಳ ಮೇಲೆ.

ತೆರೆಯ ಎತ್ತರ ಮಾತ್ರ ನೋಡಿ ಸಮಾಧಾನಪಡಬೇಡಿ. ಒಂದು ಮೀಟರಿನ ತೆರೆ ಆರು ಸೆಕೆಂಡಿಗೊಂದು ಬಂದರೆ ಅದು ಸ್ಥಳೀಯ ಗಾಳಿ ಎಬ್ಬಿಸಿದ್ದು. ಮುಖಕ್ಕೆ ರಾಚುತ್ತದೆ, ಉಸಿರು ತಪ್ಪಿಸುತ್ತದೆ. ಅದೇ ಒಂದು ಮೀಟರಿನದು ಹದಿನಾಲ್ಕು ಸೆಕೆಂಡಿಗೊಂದು ಬಂದರೆ ಅದು ಸಾವಿರಾರು ಮೈಲಿ ದೂರದ ಬಿರುಗಾಳಿಯಿಂದ ಹೊರಟದ್ದು. ಆಳದಲ್ಲಿ ತೊಟ್ಟಿಲ ಹಾಗೆ ತೂಗುತ್ತದೆ, ದಡಕ್ಕೆ ಬಂದಾಗ ಎದ್ದು ನಿಂತು ಅಪ್ಪಳಿಸುತ್ತದೆ. ಆಕಾಶ ತಿಳಿಯಾಗಿದ್ದು, ಗಾಳಿಯೇ ಇಲ್ಲದೆ ಕಡಲು ಏರಿ ಬರುವುದನ್ನು ನಮ್ಮ ಕರಾವಳಿಯಲ್ಲೂ ಕಂಡಿದ್ದೇವೆ. ಕೇರಳದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ತೀರಗಳಿಗೆ ತೆರೆಯ ಎತ್ತರ, ಅವಧಿ, ದಿಕ್ಕು ಮೂರನ್ನೂ ಮುಂಚಿತವಾಗಿ ತಿಳಿಸುತ್ತದೆ. ಕಡಲಲ್ಲಿ ಅಭ್ಯಾಸ ಮಾಡುವ ಪ್ರತಿಯೊಬ್ಬರೂ ಅದನ್ನು ಓದಲು ಕಲಿಯಬೇಕು.

ಲೋಳೆಮೀನಿನ ಭಯ ಹಲವರಿಗೆ. ಹೊನೊಲುಲುವಿನ ವೈಕಿಕಿ ತೀರಕ್ಕೆ ಬಾಕ್ಸ್ ಜೆಲ್ಲಿ ಎಂಬ ಜಾತಿಯವು ಹುಣ್ಣಿಮೆಯಾದ ಎಂಟರಿಂದ ಹನ್ನೆರಡು ದಿನಕ್ಕೆ ಬರುತ್ತವೆ. ಅಲ್ಲಿಯವರು ಪಂಚಾಂಗದಂತೆ ಅದನ್ನು ಎಣಿಸುತ್ತಾರೆ. ಕುಟುಕಿದರೆ ಮರಳಿನಿಂದ ಉಜ್ಜಬೇಡಿ. ವಿನಿಗರ್ ಸುರಿದು ಎಳೆಗಳನ್ನು ಬಿಡಿಸಿ, ಜೀವರಕ್ಷಕರ ಹತ್ತಿರ ಹೋಗಿ. ಹಾಗೆಯೇ, ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಳದ ಹಿತಕ್ಕಾಗಿ ಹವಾಯಿ 2021ರ ಜನವರಿಯಿಂದ ನಿಷೇಧಿಸಿದೆ. ಇಲ್ಲಿಂದ ಒಯ್ಯುವ ಟ್ಯೂಬಿನ ಮೇಲಿನ ಅಕ್ಷರ ಓದಿಕೊಂಡು ಹೊರಡಿ.

ಗಾಳಿಯ ಬಗ್ಗೆ ಸ್ವಲ್ಪ. ಬೆಳಿಗ್ಗೆ ಕೋನಾ ಶಾಂತ. ಬಿಸಿಲೇರಿದಂತೆ ಗಾಳಿ ಏಳುತ್ತದೆ. ಸೈಕಲ್ ದಾರಿ ಉತ್ತರಕ್ಕೆ ಹಾವೀ ಎಂಬ ಊರಿನವರೆಗೆ ಹೋಗಿ ಮರಳುತ್ತದೆ. ಕವೈಹೈ ಬಳಿ, ಬೆಟ್ಟಗಳ ನಡುವಿನ ಕಣಿವೆಯಿಂದ ಇಳಿದು ಬರುವ ಮುಮುಕು ಎಂಬ ಗಾಳಿ ಪಕ್ಕದಿಂದ ಹೊಡೆಯುತ್ತದೆ. ಮೈಭಾರ ಕಡಿಮೆಯಿದ್ದವರು ಆಳವಾದ ರಿಮ್ಮಿನ ಮುಂದಿನ ಚಕ್ರ ಬಿಟ್ಟು ಹೋಗುವುದು ಮೇಲು. ಓಟದ ಎರಡನೆಯ ಅರ್ಧದಲ್ಲಿ ಎನರ್ಜಿ ಲ್ಯಾಬ್ ಎಂಬ ತಗ್ಗು ಸಿಗುತ್ತದೆ. ಅಲ್ಲಿನ ಪ್ರಯೋಗಾಲಯ 900 ಮೀಟರ್ ಆಳದಿಂದ 6 ಡಿಗ್ರಿಯ ತಣ್ಣನೆಯ ಕಡಲನೀರನ್ನು ಪೈಪಿನಲ್ಲಿ ಮೇಲೆತ್ತುತ್ತದೆ. ಆ ಪೈಪಿನ ಪಕ್ಕದ ರಸ್ತೆಯಲ್ಲೇ ಓಟಗಾರರು ಬೇಯುತ್ತಾ ಸಾಗಬೇಕು.

ಕುಂದಾಪುರದ ಕಡೆಯ ಹುಡುಗಿಯೊಬ್ಬಳು ಈಗ ನನ್ನ ಹತ್ತಿರ ಕಲಿಯುತ್ತಿದ್ದಾಳೆ, ನವೆಂಬರಿನಲ್ಲಿ ಅವಳ ಮೊದಲ ದ್ವೀಪದ ರೇಸು. ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಇದಕ್ಕೆಂದೇ ಇಟ್ಟಿದ್ದಾಳೆ. ದಿನವೂ ನೀರಿಗಿಳಿಯುವ ಮೊದಲು ಮರಳ ಮೇಲೆ ಹತ್ತು ನಿಮಿಷ ಕೂತು ಬರೆಯುತ್ತಾಳೆ, ಸಂಜೆ ಅದರ ಫೋಟೊ ಕಳಿಸುತ್ತಾಳೆ. ಮೊನ್ನೆಯ ಪುಟದಲ್ಲಿ ಹೀಗಿತ್ತು: "ತೆರೆ ಹದಿಮೂರು ಸೆಕೆಂಡಿಗೊಂದು. ದಡದಲ್ಲಿ ಜೋರಾಗಿ ಒಡೆಯುತ್ತಿದೆ. ನೀರು ಮಣ್ಣುಬಣ್ಣ. ಇಳಿಯಲಿಲ್ಲ, ಸಾರ್. ಮನೆಗೆ ಬಂದು ಕಿಟಕಿ ಮುಚ್ಚಿ ಒಂದು ಗಂಟೆ ಸೈಕಲ್. ಅಮ್ಮ ಬಾಗಿಲಲ್ಲೇ ಕೂತಿದ್ದರು. ತೂಕ 54.2 ಇದ್ದದ್ದು 53.4."

ನಮಸ್ಕಾರ.