ಹ್ಯಾಲೋವೀನ್ ಸಂಜೆ: ಮಿಠಾಯಿಗಿಂತ ರಸ್ತೆಯ ಮೇಲೆ ಕಣ್ಣಿರಲಿ

ನೀವೀಗ ನೋಡುತ್ತಿರುವುದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಬೀದಿ. ಅಕ್ಟೋಬರ್ 31, ಹ್ಯಾಲೋವೀನ್ ಹಬ್ಬದ ದಿನ, ಸಂಜೆ ಐದೂವರೆ. ಇನ್ನರ್ಧ ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಅಷ್ಟರಲ್ಲಿ ವೇಷ ತೊಟ್ಟ ಮಕ್ಕಳು ಮನೆಮನೆಯ ಕರೆಗಂಟೆ ಒತ್ತಿ ‘ಟ್ರಿಕ್ ಆರ್ ಟ್ರೀಟ್’ (ಮಿಠಾಯಿ ಕೊಡ್ತೀರೋ, ಕೀಟಲೆ ಮಾಡ್ಲೋ) ಎಂದು ಮಿಠಾಯಿಗಾಗಿ ಚೀಲ ಚಾಚುತ್ತಾರೆ.

ಅಮೆರಿಕಕ್ಕೆ ಬಂದ ಹೊಸತರಲ್ಲಿ ನನ್ನ ಭಯವೆಲ್ಲ ಆ ಚೀಲದೊಳಗೇ ಇತ್ತು. ಮಿಠಾಯಿಯಲ್ಲಿ ವಿಷ, ಸೇಬಿನಲ್ಲಿ ಬ್ಲೇಡು ಎಂಬ ಮಾತುಗಳನ್ನು ಕೇಳಿ, ಒಂದೊಂದು ಚಾಕೊಲೇಟನ್ನೂ ದೀಪಕ್ಕೆ ಹಿಡಿದು ತಿರುಗಿಸಿ ನೋಡುತ್ತಿದ್ದೆ. ಈ ವದಂತಿಗಳನ್ನು ದಶಕಗಳಿಂದ ಪರಿಶೀಲಿಸುತ್ತ ಬಂದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಅವರಿಗೆ, ಅಪರಿಚಿತರು ಹಂಚಿದ ವಿಷದ ಮಿಠಾಯಿಯಿಂದ ಮಗುವೊಂದು ಸತ್ತ ಒಂದು ಖಚಿತ ಪ್ರಕರಣವೂ ಸಿಕ್ಕಿಲ್ಲವೆಂದು ಆಮೇಲೆ ತಿಳಿಯಿತು. 1974ರಲ್ಲಿ ಟೆಕ್ಸಾಸಿನ ಹುಡುಗನೊಬ್ಬ ಸಯನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತದ್ದು ನಿಜ. ಆದರೆ ಅದನ್ನು ಕೊಟ್ಟವನು ವಿಮೆಯ ಹಣಕ್ಕೆ ಆಸೆಪಟ್ಟ ಅವನ ಸ್ವಂತ ತಂದೆ.

ಭಯಪಡಬೇಕಾದದ್ದು ರಸ್ತೆಗೆ. 1975ರಿಂದ 2016ರವರೆಗಿನ 42 ಹ್ಯಾಲೋವೀನ್ ಸಂಜೆಗಳನ್ನು, ಒಂದು ವಾರ ಹಿಂದಿನ ಮತ್ತು ಒಂದು ವಾರ ಮುಂದಿನ ಸಂಜೆಗಳೊಂದಿಗೆ ಹೋಲಿಸಿದ ಅಧ್ಯಯನವೊಂದರ ಪ್ರಕಾರ, ವಾಹನ ಬಡಿದು ಪಾದಚಾರಿಗಳು ಸಾಯುವ ಅಪಾಯ ಆ ಸಂಜೆ ಶೇಕಡಾ 43ರಷ್ಟು ಹೆಚ್ಚು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಂತೂ ಸುಮಾರು ಹತ್ತು ಪಟ್ಟು. ನನ್ನ ಮಗಳಿಗೆ ಈಗ ಏಳು. ಆದ್ದರಿಂದ ನಮ್ಮ ನಿಯಮ ಒಂದೇ: ಬೀದಿಯ ಒಂದು ಬದಿಯ ಮನೆಗಳೆಲ್ಲ ಮುಗಿದ ಮೇಲೆ, ಮೂಲೆಯಲ್ಲಿ, ನನ್ನ ಕೈ ಹಿಡಿದೇ ಇನ್ನೊಂದು ಬದಿಗೆ ಹೋಗುವುದು. ಎದುರುಮನೆಯಲ್ಲಿ ದೊಡ್ಡ ಚಾಕೊಲೇಟ್ ಕೊಡುತ್ತಿದ್ದಾರೆಂಬ ಸುದ್ದಿ ಬಂದರೂ ನಿಂತ ಕಾರುಗಳ ಸಂದಿಯಿಂದ ನುಗ್ಗುವಂತಿಲ್ಲ. ಮನೆಯಂಗಳದಿಂದ ಹಿಂದಕ್ಕೆ ಬರುವ ಕಾರುಗಳ ಬಗ್ಗೆ ನನಗೆ ಇನ್ನೂ ಹೆಚ್ಚಿನ ಅಂಜಿಕೆ, ಏಕೆಂದರೆ ಅಷ್ಟು ಪುಟ್ಟ ಮಗು ಆ ಚಾಲಕನಿಗೆ ಕಾಣುವುದೇ ಇಲ್ಲ.

ಈ ವರ್ಷ ಅವಳು ಬಾವಲಿಯ ವೇಷವೇ ಬೇಕೆಂದು ಹಟ ಹಿಡಿದಳು, ಅಂದರೆ ಅಡಿಯಿಂದ ಮುಡಿಯವರೆಗೆ ಕಪ್ಪು. ರೆಕ್ಕೆಯ ಅಂಚಿಗೆ ನಾನು ಅಂಟಿಸುತ್ತಿರುವುದು ಕಾರಿನ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಮುಖವಾಡ ಕಣ್ಣಿನ ಅಂಚನ್ನು ಮರೆಮಾಡುವುದರಿಂದ ಮುಖಕ್ಕೆ ಬಣ್ಣ ಹಚ್ಚಿದೆವು. ಕಾಲಿಗೆ ತೊಡರುತ್ತಿದ್ದ ಅಂಚನ್ನು ಮಡಚಿ ಹೊಲಿದೆ.

ಹ್ಯಾಲೋವೀನಿಗೆಂದು ಕೊರೆದು ಮೆಟ್ಟಿಲ ಮೇಲಿಡುವ ಕುಂಬಳಕಾಯಿಯೊಳಗೆ ಉರಿಯುವ ಮೇಣದಬತ್ತಿ ಸರಿಯಾಗಿ ಮಕ್ಕಳ ನಿಲುವಂಗಿಯ ಎತ್ತರಕ್ಕೇ ಇರುತ್ತದೆ. ದೀಪಾವಳಿಯಲ್ಲಿ ಸುರುಸುರುಬತ್ತಿ ಹಿಡಿಯುವ ಮೊದಲು ನೈಲಾನ್ ಲಂಗ ಬಿಚ್ಚಿಸಿ ಹತ್ತಿಯ ಬಟ್ಟೆ ಹಾಕಿಸುತ್ತಿದ್ದ ನಮ್ಮಜ್ಜಿ ಇದನ್ನು ಕಂಡಿದ್ದರೆ ಸುಮ್ಮನಿರುತ್ತಿರಲಿಲ್ಲ. ನಮ್ಮ ಕುಂಬಳಕಾಯಿಯೊಳಗೆ ಬ್ಯಾಟರಿ ದೀಪವಿದೆ.

ಮಿಠಾಯಿಯನ್ನು ನಾನು ಈಗಲೂ ನೋಡುತ್ತೇನೆ, ಆದರೆ ಬೇರೆ ಕಾರಣಕ್ಕೆ: ಮೂರು ವರ್ಷದ ಮಗನ ಗಂಟಲಿಗೆ ಸಿಕ್ಕಿಕೊಳ್ಳುವ ಗಟ್ಟಿ ಪೆಪ್ಪರಮಿಂಟುಗಳನ್ನು ತೆಗೆದಿಡಲು, ಕಡಲೆಕಾಯಿ ಒಗ್ಗದ ಅವನ ಗೆಳೆಯನಿಗೆ ಕೈತಪ್ಪಿಯೂ ಅದು ಹೋಗದಂತೆ ನೋಡಿಕೊಳ್ಳಲು. ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಿಸುವ ಜೆಲಟಿನ್ ಇರುವುದನ್ನು ಬೇರ್ಪಡಿಸುವುದು ನಮ್ಮ ಸಸ್ಯಾಹಾರಿ ಮನೆಯ ಹೆಚ್ಚುವರಿ ಕೆಲಸ.

ಮನೆಯ ಮುಂದಿನ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದೆಂದು ಇಲ್ಲಿನವರು ತಿಳಿಯುತ್ತಾರೆ. 2024ರಲ್ಲಿ ನರಕ ಚತುರ್ದಶಿಯೂ ಇದೇ ದಿನ ಬಂದಿತ್ತು. ಸಾಲುದೀಪ ಕಂಡ ಮಕ್ಕಳು ರಾತ್ರಿ ಒಂಬತ್ತಾದರೂ ಕತ್ತಲ ರಸ್ತೆ ದಾಟಿ ನಮ್ಮಲ್ಲಿಗೆ ಬರುತ್ತಲೇ ಇದ್ದರು. ಈ ಸಲ ಎಂಟು ಗಂಟೆಗೇ ಯಜಮಾನರು ಹೊರಗಿನ ದೀಪ ಆರಿಸುತ್ತಿರುವುದನ್ನು ನೀವಿಲ್ಲಿ ನೋಡಬಹುದು.